ಮ್ಯಾನ್ಮಾರ್: ಹೊರಗಿನವರ ಮಾತಿಗೆ ಬೆಲೆ ಇದೆಯೇ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾನವ ಹಕ್ಕುಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಯವರು ತಿಳಿಸಿದಾಗ ನಾನು ಸ್ವಲ್ಪ ಹಿಂಜರಿದೆ. ಈ ವಿಷಯದಲ್ಲಿ ದೊಡ್ಡ ದೊಡ್ಡ ಮಾತುಗಳನ್ನು ಎಲ್ಲರೂ ಆಡಿದ್ದಾರೆ. ಡಿಸೆಂಬರ್ 10 ಬಂದರೆ ಶಾಲೆಯಲ್ಲಿ ಪ್ರತಿಜ್ಞೆ ಓದಿಸುತ್ತೇವೆ, 11ನೇ ತಾರೀಖು ಮರೆಯುತ್ತೇವೆ. ಆದ್ದರಿಂದ ಇಂದು ಒಂದೇ ಒಂದು ದೇಶದ ಕಥೆ ಹೇಳುತ್ತೇನೆ. ಅದಕ್ಕೆ ಕಾರಣ ನನ್ನ ತರಗತಿಯ ಒಬ್ಬಳು ಹುಡುಗಿ.

ಒಂಬತ್ತನೇ ತರಗತಿಯ ಉರ್ದು ಪಿರಿಯಡ್. ಬಹಾದ್ದೂರ್ ಷಾ ಜಫರ್ ಕುರಿತು ಹೇಳುತ್ತಿದ್ದೆ. ದೆಹಲಿಯ ಕೊನೆಯ ಬಾದಷಹನನ್ನು ಬ್ರಿಟಿಷರು 1858ರಲ್ಲಿ ರಂಗೂನಿಗೆ ಗಡೀಪಾರು ಮಾಡಿದರು, ಆತ 1862ರ ನವೆಂಬರ್ 7ರಂದು ಅಲ್ಲಿಯೇ ತೀರಿಕೊಂಡ. ಮುಂದೆ 1885ರಲ್ಲಿ ಅದೇ ಬ್ರಿಟಿಷರು ಬರ್ಮಾದ ಕೊನೆಯ ರಾಜ ಥೀಬಾನನ್ನು ಹಿಡಿದು ತಂದು ಕೊಂಕಣದ ರತ್ನಗಿರಿಯಲ್ಲಿ ಇಟ್ಟರು. ನಮ್ಮ ರಾಜ ಅಲ್ಲಿ, ಅವರ ರಾಜ ಇಲ್ಲಿ. ರಂಗೂನನ್ನು ನಕ್ಷೆಯಲ್ಲಿ ತೋರಿಸಿ ಎಂದೆ. ಮಕ್ಕಳಿಗೆ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅದು ಈಗ ಯಾಂಗೋನ್. ದೇಶದ ಹೆಸರನ್ನೂ 1989ರಲ್ಲಿ ಸೈನಿಕ ಸರ್ಕಾರ ಮ್ಯಾನ್ಮಾರ್ ಎಂದು ಬದಲಿಸಿತು. ಆಗ ಆ ಹುಡುಗಿ ಎದ್ದು ನಿಂತು, "ಟೀಚರ್, ರೋಹಿಂಗ್ಯಾದವರ ದೇಶ ಇದೇ ಅಲ್ವಾ? ಅಷ್ಟೆಲ್ಲ ಆದರೂ ಬೇರೆ ದೇಶದವರು ಯಾರೂ ಕೇಳಲಿಲ್ವಾ?" ಎಂದಳು. "ಕೇಳಿದರು" ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಆದರೆ ಆ ಒಂದು ಶಬ್ದದ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಕನ್ನಡದಲ್ಲಿ ಕೇಳುವುದು ಎಂದರೆ ಪ್ರಶ್ನಿಸುವುದೂ ಹೌದು, ಆಲಿಸುವುದೂ ಹೌದು. ಜಗತ್ತು ಕೇಳಿತು. ಅಲ್ಲಿನ ಜನರಲ್‌ಗಳು ಕೇಳಿದರೇ? ಜಗತ್ತು ಕೇಳಿದ್ದಾದರೂ ಏನನ್ನು, ಯಾರ ಪರವಾಗಿ? ಈ ಎರಡನೆಯ ಪ್ರಶ್ನೆಯೇ ಮುಖ್ಯವೆಂದು ನನ್ನ ಅಭಿಪ್ರಾಯ.

ಮೊದಲು ಒಬ್ಬ ಶಾಲಾ ಮೇಷ್ಟ್ರ ಹೆಸರು ಹೇಳಿಬಿಡುತ್ತೇನೆ, ಶಿಕ್ಷಕರಿಗೆ ಹೆಮ್ಮೆಯ ವಿಷಯ. ವಿಶ್ವಸಂಸ್ಥೆಯ ಮೂರನೆಯ ಪ್ರಧಾನ ಕಾರ್ಯದರ್ಶಿ ಊ ಥಾಂಟ್ ಬರ್ಮಾದವರು. ಪಾಂಟನಾ ಎಂಬ ಸಣ್ಣ ಊರಿನ ಶಾಲೆಯಲ್ಲಿ ಪಾಠ ಹೇಳುತ್ತ ಅದೇ ಶಾಲೆಗೆ ಮುಖ್ಯೋಪಾಧ್ಯಾಯರಾಗಿದ್ದವರು, 1961ರಿಂದ 1971ರವರೆಗೆ ಇಡೀ ಜಗತ್ತಿನ ಸಂಸ್ಥೆಯನ್ನು ನಡೆಸಿದರು. ಆ ಹುದ್ದೆಗೇರಿದ ಮೊದಲ ಏಷ್ಯಾದವರು ಅವರೇ. ಆದರೆ ಅವರದೇ ದೇಶದಲ್ಲಿ 1962ರ ಮಾರ್ಚ್‌ನಲ್ಲಿ ಜನರಲ್ ನೆ ವಿನ್ ಅಧಿಕಾರ ಕಿತ್ತುಕೊಂಡ. ಅದೇ ವರ್ಷ ಜುಲೈನಲ್ಲಿ ರಂಗೂನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಕಟ್ಟಡವನ್ನು ಸೇನೆ ಸ್ಫೋಟಿಸಿ ನೆಲಸಮ ಮಾಡಿತು. 1974ರಲ್ಲಿ ಊ ಥಾಂಟ್ ನ್ಯೂಯಾರ್ಕಿನಲ್ಲಿ ನಿಧನರಾಗಿ ಅವರ ಶರೀರ ಊರಿಗೆ ಬಂದಾಗ ಸರ್ಕಾರ ಯಾವ ಗೌರವವನ್ನೂ ತೋರಲಿಲ್ಲ. ವಿದ್ಯಾರ್ಥಿಗಳೇ ಆ ಪೆಟ್ಟಿಗೆಯನ್ನು ವಿಶ್ವವಿದ್ಯಾಲಯಕ್ಕೆ ಹೊತ್ತೊಯ್ದರು, ಸೈನಿಕರು ನುಗ್ಗಿ ಗುಂಡು ಹಾರಿಸಿದರು. ಒಬ್ಬ ಮೇಷ್ಟ್ರ ಶವಕ್ಕೆ ಹೆದರಿದ ಸರ್ಕಾರ ಅದು!

ಇನ್ನು ಜಗತ್ತು ಎಚ್ಚೆತ್ತ ಕಾಲಕ್ಕೆ ಬರೋಣ. 1988ರ ಆಗಸ್ಟ್ 8ರಂದು ದೇಶದಾದ್ಯಂತ ಜನ ಬೀದಿಗಿಳಿದರು. ವಿದ್ಯಾರ್ಥಿಗಳು, ಭಿಕ್ಷುಗಳು, ಸರ್ಕಾರಿ ನೌಕರರು ಎಲ್ಲರೂ ಇದ್ದರು. ಸಾವಿರಾರು ಮಂದಿ ಪ್ರಾಣ ಕಳೆದುಕೊಂಡರು. 1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂಕಿಯವರ ಪಕ್ಷ 485 ಸ್ಥಾನಗಳಲ್ಲಿ 392ನ್ನು ಗೆದ್ದರೂ ಸೇನೆ ಅಧಿಕಾರ ಬಿಡಲಿಲ್ಲ. ಆಕೆ ಅದಾಗಲೇ ಗೃಹಬಂಧನದಲ್ಲಿದ್ದರು. 1991ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ದೆಹಲಿಯ ಲೇಡಿ ಶ್ರೀರಾಮ್ ಕಾಲೇಜಿನಲ್ಲಿ ಓದಿದವರೆಂಬ ಅಭಿಮಾನ ನಮಗೂ ಇತ್ತು.

ಒಂದು ದೇಶವನ್ನು ಮತ್ತೊಂದು ದೇಶ ಹೇಗೆ ಒತ್ತಾಯಿಸುತ್ತದೆ? ವಿದ್ಯಾರ್ಥಿಗಳಿಗೆ ಇದು ತಿಳಿದಿರಬೇಕು. ವಿಶ್ವಸಂಸ್ಥೆಗೆ ತನ್ನದೇ ಪೊಲೀಸರಿಲ್ಲ, ಲಾಠಿಯಿಲ್ಲ. ಅದರ ಮಹಾಸಭೆ 1991ರಿಂದ ವರ್ಷವರ್ಷವೂ ಬರ್ಮಾ ಕುರಿತು ನಿರ್ಣಯ ಮಾಡತೊಡಗಿತು. 1992ರಲ್ಲಿ ಅಲ್ಲಿನ ಮಾನವ ಹಕ್ಕುಗಳ ಸ್ಥಿತಿ ನೋಡಿ ಬರಲು ವಿಶೇಷ ವರದಿಗಾರರನ್ನು ನೇಮಿಸಲಾಯಿತು. ಮಲೇಷ್ಯಾದ ರಜಾಲಿ ಇಸ್ಮಾಯಿಲ್ 2000ದಿಂದ ವಿಶೇಷ ದೂತರಾಗಿ ಹೋಗಿ ಬಂದರು. ತೆರೆಮರೆಯ ಮಾತುಕತೆಯಿಂದ 2002ರ ಮೇ ತಿಂಗಳಲ್ಲಿ ಸೂಕಿಯವರ ಬಿಡುಗಡೆಯೂ ಆಯಿತು. ಆದರೆ ಒಂದೇ ವರ್ಷದಲ್ಲಿ ಡೆಪಾಯಿನ್ ಎಂಬಲ್ಲಿ ಅವರ ವಾಹನಗಳ ಮೇಲೆ ದಾಳಿ ನಡೆದು ಮತ್ತೆ ಬಂಧನ. ಬಳಿಕ ರಜಾಲಿಯವರಿಗೆ ಸುಮಾರು ಎರಡು ವರ್ಷ ದೇಶದೊಳಗೆ ಬರಲು ಅನುಮತಿಯನ್ನೇ ಕೊಡಲಿಲ್ಲ. 2006ರಲ್ಲಿ ಅವರು ಕೈಚೆಲ್ಲಿ ರಾಜೀನಾಮೆ ಕೊಟ್ಟರು. ಬಾಗಿಲು ಹಾಕಿಕೊಂಡವನ ಮನೆಗೆ ಪಂಚಾಯಿತಿ ಮಾಡಲು ಹೋದವರ ಪಾಡು ಹೇಗಿರುತ್ತದೋ ಹಾಗೆ.

ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ವ್ಯಾಪಾರದ ನಿರ್ಬಂಧಗಳನ್ನು ಹೇರಿದವು. 2003ರಲ್ಲಿ ಬರ್ಮಾದ ಸರಕುಗಳ ಆಮದನ್ನೇ ಅಮೆರಿಕ ನಿಷೇಧಿಸಿತು. ಕೇಳಲು ಚೆನ್ನಾಗಿದೆ. ಆದರೆ ಅದರ ಪೆಟ್ಟು ಮೊದಲು ಬಿದ್ದದ್ದು ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹೊಲಿಗೆ ಮಾಡುತ್ತಿದ್ದ ಬಡ ಹೆಣ್ಣುಮಕ್ಕಳ ಮೇಲೆ. ಸಾವಿರಾರು ಜನರ ಕೆಲಸ ಹೋಯಿತು. ಜನರಲ್‌ಗಳಿಗೆ ಅನಿಲ ಇತ್ತು, ತೇಗದ ಮರ ಇತ್ತು, ಮಾಣಿಕ್ಯ ಇತ್ತು, ಕೊಳ್ಳಲು ನೆರೆಹೊರೆಯ ದೇಶಗಳಿದ್ದವು. ನಿರ್ಬಂಧ ಎಂಬ ಶಬ್ದ ಕೇಳಿದ ತಕ್ಷಣ ಚಪ್ಪಾಳೆ ತಟ್ಟುವವರು ಆ ಹೆಣ್ಣುಮಕ್ಕಳನ್ನೂ ಒಮ್ಮೆ ನೆನೆಯಬೇಕು.

ಭದ್ರತಾ ಮಂಡಳಿಯಲ್ಲಿ 2007ರ ಜನವರಿ 12ರಂದು ಬಂದ ಕರಡು ನಿರ್ಣಯಕ್ಕೆ ಒಂಬತ್ತು ಮತಗಳು ಬಂದರೂ ಚೀನಾ ಮತ್ತು ರಷ್ಯಾ ವೀಟೊ ಚಲಾಯಿಸಿದವು. ಅವುಗಳ ಜೊತೆಗೆ ವಿರುದ್ಧವಾಗಿ ಮತ ಹಾಕಿದ ಮೂರನೆಯ ದೇಶ ಯಾವುದು ಗೊತ್ತೇ? ದಕ್ಷಿಣ ಆಫ್ರಿಕಾ! ಹೊರಗಿನವರ ಒತ್ತಡದಿಂದಲೂ ಬಿಡುಗಡೆ ಕಂಡ ದೇಶ. ಇದು ಮಾನವ ಹಕ್ಕುಗಳ ಮಂಡಳಿಯಲ್ಲಿ ಚರ್ಚೆಯಾಗಬೇಕು, ಇಲ್ಲಿ ಅಲ್ಲ ಎಂಬುದು ಅದರ ವಾದ. ಇರಬಹುದು. ನನಗಂತೂ ಅದನ್ನು ಓದಿದಾಗ ಬೇಸರವಾಯಿತು.

ನಮ್ಮ ದೇಶದ ಮಾತನ್ನೂ ಮುಚ್ಚಿಡಬಾರದು. 1988ರಲ್ಲಿ ಭಾರತ ಬಹಿರಂಗವಾಗಿ ಪ್ರಜಾಪ್ರಭುತ್ವದ ಪರ ನಿಂತಿತ್ತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ದೆಹಲಿಯ ತಮ್ಮ ಸರ್ಕಾರಿ ಬಂಗಲೆಯಲ್ಲಿ ಬರ್ಮಾದ ವಿದ್ಯಾರ್ಥಿ ಹೋರಾಟಗಾರರಿಗೆ ಆಶ್ರಯ ಕೊಟ್ಟಿದ್ದರು. ಆದರೆ 1990ರ ದಶಕದಲ್ಲಿ ನೀತಿ ಬದಲಾಯಿತು. ಈಶಾನ್ಯದ ಉಗ್ರಗಾಮಿಗಳ ಚಿಂತೆ, ಉದ್ದನೆಯ ಗಡಿ, ಚೀನಾ ಅಲ್ಲಿ ಬೇರೂರುತ್ತಿದೆಯೆಂಬ ಭಯ, ಇವೆಲ್ಲ ಸೇರಿ ಸೈನಿಕ ಸರ್ಕಾರದೊಂದಿಗೆ ಕೈ ಕುಲುಕಲಾಯಿತು. ಫರ್ನಾಂಡಿಸರು ರಕ್ಷಣಾ ಮಂತ್ರಿಯಾಗಿದ್ದ ವರ್ಷಗಳಲ್ಲೂ ಅದು ನಿಲ್ಲಲಿಲ್ಲ. ಒಬ್ಬ ಮನುಷ್ಯನ ಮನೆಯ ಬಾಗಿಲು ತೆರೆದಿರಬಹುದು, ದೇಶದ ಬಾಗಿಲಿನ ಲೆಕ್ಕ ಬೇರೆ.

ಹಾಗಾದರೆ ಏನೂ ಪ್ರಯೋಜನ ಆಗಲಿಲ್ಲವೇ? ಆಯಿತು. ಅದು ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬರ್ಮಾದಲ್ಲಿ ಸೇನೆ ಹಳ್ಳಿಯವರನ್ನು ಹಿಡಿದು ರಸ್ತೆ ಹಾಕಿಸುವುದು, ಹೊರೆ ಹೊರಿಸುವುದು, ಶಿಬಿರ ಕಟ್ಟಿಸುವುದು ನಡೆದೇ ಇತ್ತು. ನಮ್ಮಲ್ಲಿ ಹಿಂದೆ ಬಿಟ್ಟಿ ಚಾಕರಿ ಎನ್ನುತ್ತಿದ್ದೆವಲ್ಲ, ಅದೇ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ತನಿಖಾ ಆಯೋಗ ನೇಮಿಸಿತು, 1998ರಲ್ಲಿ ವರದಿ ಬಂತು. 2000ದಲ್ಲಿ ಆ ಸಂಘಟನೆ ತನ್ನ ಸಂವಿಧಾನದ 33ನೇ ವಿಧಿಯನ್ನು ಬಳಸಿತು. 1919ರಲ್ಲಿ ಸ್ಥಾಪನೆಯಾದ ಸಂಸ್ಥೆ ಆ ವಿಧಿಯನ್ನು ತನ್ನ ಇತಿಹಾಸದಲ್ಲಿ ಬಳಸಿದ್ದು ಅದೇ ಮೊದಲ ಸಲ. ಈ ಸರ್ಕಾರದೊಂದಿಗೆ ನಿಮ್ಮ ಸಂಬಂಧಗಳನ್ನು ಮರುಪರಿಶೀಲಿಸಿ, ಬಿಟ್ಟಿ ದುಡಿಮೆಗೆ ನೆರವಾಗುವ ಯಾವುದೂ ಅದರಲ್ಲಿ ಇರದಂತೆ ನೋಡಿಕೊಳ್ಳಿ ಎಂದು ಎಲ್ಲ ಸದಸ್ಯ ದೇಶಗಳಿಗೂ ಹೇಳಿತು. 2002ರಲ್ಲಿ ಅದರ ಒಬ್ಬ ಅಧಿಕಾರಿ ಯಾಂಗೋನಿನಲ್ಲೇ ಕಚೇರಿ ತೆರೆದರು. 2007ರಲ್ಲಿ ಒಂದು ಒಪ್ಪಂದವಾಯಿತು: ಬಿಟ್ಟಿ ದುಡಿಸಿಕೊಳ್ಳಲ್ಪಟ್ಟ ಯಾವುದೇ ಹಳ್ಳಿಗ ಆ ಕಚೇರಿಗೆ ದೂರು ಕೊಡಬಹುದು. ದೂರು ಕೊಟ್ಟ ಕೆಲವರಿಗೆ ತೊಂದರೆಯೂ ಆಯಿತು. ಆದರೂ ಈ ದಾರಿಯಿಂದಲೇ, ಸೇನೆಗೆ ಬಲವಂತವಾಗಿ ಸೇರಿಸಿಕೊಂಡಿದ್ದ ನೂರಾರು ಹುಡುಗರು ಮನೆಗೆ ಮರಳಿದರು. ನನ್ನ ತರಗತಿಯಲ್ಲಿ ಕೂರುವ ವಯಸ್ಸಿನ ಹುಡುಗರು. ಯಾವ ಪತ್ರಿಕೆಯ ಮುಖಪುಟದಲ್ಲೂ ಅವರ ಫೋಟೋ ಬರಲಿಲ್ಲ.

2008ರ ಮೇ ತಿಂಗಳಲ್ಲಿ ಚಂಡಮಾರುತ ಬಂತು. ಅದರ ಹೆಸರು ನರ್ಗಿಸ್. ಉರ್ದು ಓದುವವರಿಗೆ ಅದು ಹೂವಿನ ಹೆಸರು. ಸತ್ತವರು ಮತ್ತು ಕಾಣೆಯಾದವರು ಸುಮಾರು 1,38,000. ಇಷ್ಟಾದರೂ ಹೊರಗಿನ ನೆರವಿನವರನ್ನು ಒಳಗೆ ಬಿಡಲು ಸರ್ಕಾರ ಮೂರು ವಾರ ಸತಾಯಿಸಿತು. ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಸ್ವತಃ ಹೋಗಿ ಜನರಲ್ ಥಾನ್ ಶ್ವೆಯವರನ್ನು ಕಂಡ ಮೇಲೆ, ಆಗ್ನೇಯ ಏಷ್ಯಾದ ದೇಶಗಳ ಕೂಟ ಆಸಿಯಾನ್ ಮಧ್ಯಸ್ಥಿಕೆ ವಹಿಸಿದ ಮೇಲೆ ಬಾಗಿಲು ತೆರೆಯಿತು. ಗದರಿದರೆ ಬಗ್ಗದವನು ನೆರೆಯವನು ಹೆಗಲ ಮೇಲೆ ಕೈ ಹಾಕಿದರೆ ಬಗ್ಗಿದ.

ಇನ್ನು ಕಥೆಯ ಅತ್ಯಂತ ನೋವಿನ ಭಾಗ. 2010ರ ನವೆಂಬರ್ 13ರಂದು ಸೂಕಿಯವರ ಬಿಡುಗಡೆಯಾಯಿತು. 2012ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಯಾಂಗೋನಿಗೆ ಬಂದರು. 2013ರಲ್ಲಿ ಐರೋಪ್ಯ ಒಕ್ಕೂಟ ಶಸ್ತ್ರಾಸ್ತ್ರದ ಹೊರತು ಉಳಿದ ನಿರ್ಬಂಧಗಳನ್ನು ತೆಗೆಯಿತು. 2015ರ ಚುನಾವಣೆಯಲ್ಲಿ ಅವರ ಪಕ್ಷ ಗೆದ್ದಿತು, 2016ರಲ್ಲಿ ಅಮೆರಿಕವೂ ನಿರ್ಬಂಧ ತೆರವು ಮಾಡಿತು. ಇಪ್ಪತ್ತು ವರ್ಷ ಜಗತ್ತು ಕೇಳಿದ್ದು ಒಬ್ಬ ಮಹಿಳೆಯ ಬಿಡುಗಡೆಯನ್ನು. ಅದು ಸಿಕ್ಕಿತು. ಎಲ್ಲರೂ ಸಿಹಿ ಹಂಚಿ ಮನೆಗೆ ಹೋದರು.

ಯಾರೂ ಅಷ್ಟಾಗಿ ಕೇಳದೆ ಬಿಟ್ಟದ್ದು 1982ರ ಪೌರತ್ವ ಕಾನೂನನ್ನು. 1823ಕ್ಕೆ ಮೊದಲೇ ಆ ನೆಲದಲ್ಲಿ ನೆಲೆಸಿದ್ದ ಜನಾಂಗಗಳು ಮಾತ್ರ ಹುಟ್ಟಿನಿಂದ ಪ್ರಜೆಗಳು ಎಂದು ಅದು ಹೇಳಿತು. 1824ರಲ್ಲಿ ಬ್ರಿಟಿಷರೊಂದಿಗೆ ಮೊದಲ ಯುದ್ಧ, ಅದಕ್ಕೆ ಹಿಂದಿನ ವರ್ಷವೇ ಗೆರೆ. ಸರ್ಕಾರ ಮಾನ್ಯ ಮಾಡಿದ 135 ಜನಾಂಗಗಳ ಪಟ್ಟಿಯಲ್ಲಿ ರೋಹಿಂಗ್ಯಾ ಎಂಬ ಹೆಸರಿಲ್ಲ. 2012ರಲ್ಲಿ ರಖೈನ್ ಪ್ರಾಂತ್ಯದಲ್ಲಿ ಗಲಭೆಯಾಗಿ ಲಕ್ಷಕ್ಕೂ ಹೆಚ್ಚು ಜನ ಶಿಬಿರ ಸೇರಿದರು. ಒಬಾಮ ಬಂದದ್ದೂ ಅದೇ ವರ್ಷ ಎಂಬುದನ್ನು ಗಮನಿಸಿ. 2014ರ ಜನಗಣತಿಯಲ್ಲಿ ರೋಹಿಂಗ್ಯಾ ಎಂದು ಬರೆಸಲು ಬಿಡಲಿಲ್ಲ. 2015ರಲ್ಲಿ ಅವರ ಬಿಳಿ ಕಾರ್ಡುಗಳನ್ನು ರದ್ದು ಮಾಡಿದ್ದರಿಂದ ಮತದಾನದ ಹಕ್ಕೂ ಹೋಯಿತು. ಕೋಫಿ ಅನ್ನಾನ್ ಅವರ ಆಯೋಗ ಸಮಸ್ಯೆಗೆ ಪರಿಹಾರ ಹುಡುಕಲು ಒಂದು ವರ್ಷ ಶ್ರಮಿಸಿತು. ಅದರ ವರದಿಯಲ್ಲೂ ಸೂಕಿಯವರ ಕೋರಿಕೆಯಂತೆ ಆ ಹೆಸರನ್ನು ಬಳಸಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗು ತರಗತಿಯಲ್ಲಿ ಕೂತಿದ್ದರೂ ಗೈರುಹಾಜರೇ. ನಾವು ಶಿಕ್ಷಕರಿಗೆ ಇದು ಬೇಗ ಅರ್ಥವಾಗುತ್ತದೆ.

ಆ ವರದಿ ಹೊರಬಿದ್ದದ್ದು 2017ರ ಆಗಸ್ಟ್ 24ರಂದು. ಮರುದಿನವೇ ಒಂದು ಸಶಸ್ತ್ರ ಗುಂಪು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿತು. ಅದನ್ನೇ ನೆಪ ಮಾಡಿಕೊಂಡು ಸೇನೆ ಹಳ್ಳಿಗಳಿಗೆ ಬೆಂಕಿಯಿಟ್ಟಿತು. ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿಹೋದರು. ಇಂಡೋನೇಷ್ಯಾದ ಮರ್ಝುಕಿ ದಾರುಸ್ಮಾನ್ ನೇತೃತ್ವದ ವಿಶ್ವಸಂಸ್ಥೆಯ ಸತ್ಯಶೋಧನಾ ತಂಡವನ್ನು ದೇಶದೊಳಗೆ ಬಿಡಲಿಲ್ಲ. ತಪ್ಪಿಸಿಕೊಂಡು ಬಂದವರ ಹೇಳಿಕೆಗಳನ್ನು ಬರೆದುಕೊಂಡ ತಂಡ, ಸೇನೆಯ ಮುಖ್ಯಸ್ಥರನ್ನು ನರಮೇಧದ ಆರೋಪದ ಮೇಲೆ ತನಿಖೆ ಮಾಡಬೇಕೆಂದು 2018ರಲ್ಲಿ ಹೇಳಿತು.

ಈಗ ನಕ್ಷೆಯಲ್ಲಿ ಇನ್ನೊಂದು ಕಡೆ ನೋಡಿ. ಆಫ್ರಿಕಾದ ಪಶ್ಚಿಮ ತೀರದಲ್ಲಿ ಒಂದು ನದಿಯ ಎರಡೂ ದಂಡೆಗೆ ಅಂಟಿಕೊಂಡಂತೆ ಒಂದು ಪುಟ್ಟ ದೇಶವಿದೆ, ಗ್ಯಾಂಬಿಯಾ. ನಮ್ಮ ಬೆಳಗಾವಿ ಜಿಲ್ಲೆಗಿಂತ ಚಿಕ್ಕದು. ಆ ದೇಶವೂ ಯಾಹ್ಯಾ ಜಮ್ಮೆ ಎಂಬ ಸರ್ವಾಧಿಕಾರಿಯ ಕೆಳಗೆ 22 ವರ್ಷ ನಲುಗಿತ್ತು. ಚುನಾವಣೆಯಲ್ಲಿ ಸೋತರೂ ಕುರ್ಚಿ ಬಿಡದ ಆತ 2017ರ ಜನವರಿಯಲ್ಲಿ ಹೊರಟುಹೋದದ್ದು ನೆರೆಯ ದೇಶಗಳು ಸೇನೆ ತಂದು ಗಡಿಯಲ್ಲಿ ನಿಲ್ಲಿಸಿದಾಗ. ಅಂದರೆ ಹೊರಗಿನವರು ಕೇಳಿದರೆ ಏನಾಗುತ್ತದೆಂದು ಅವರಿಗೆ ಸ್ವಂತ ಅನುಭವವಿತ್ತು. ಅದರ ನ್ಯಾಯ ಮಂತ್ರಿ ಅಬೂಬಕರ್ ತಂಬಾದು ಹಿಂದೆ ರುವಾಂಡಾ ನರಮೇಧದ ನ್ಯಾಯಮಂಡಳಿಯಲ್ಲಿ ಕೆಲಸ ಮಾಡಿದ್ದವರು. 2018ರಲ್ಲಿ ಕಾಕ್ಸ್ ಬಜಾರಿನ ನಿರಾಶ್ರಿತರ ಶಿಬಿರಗಳಿಗೆ ಹೋಗಿ ಅವರ ಬಾಯಿಂದಲೇ ಕೇಳಿದರು. ರುವಾಂಡಾದ ಕಥೆಗಳೇ ಮತ್ತೆ ಕಿವಿಗೆ ಬಿದ್ದಂತಾಯಿತು ಅವರಿಗೆ.

1948ರ ನರಮೇಧ ತಡೆ ಒಪ್ಪಂದದ 9ನೇ ವಿಧಿಯ ಪ್ರಕಾರ, ಸಹಿ ಹಾಕಿದ ಒಂದು ದೇಶ ಇನ್ನೊಂದು ದೇಶವನ್ನು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಬಹುದು. ಬರ್ಮಾ ಬಹಳ ಹಿಂದೆಯೇ ಸಹಿ ಹಾಕಿತ್ತು. ಇಸ್ಲಾಮಿಕ್ ಸಹಕಾರ ಸಂಘಟನೆಯ 57 ದೇಶಗಳ ಬೆಂಬಲದೊಂದಿಗೆ ಗ್ಯಾಂಬಿಯಾ 2019ರ ನವೆಂಬರ್ 11ರಂದು ಹೇಗ್ ನಗರದ ಆ ನ್ಯಾಯಾಲಯದಲ್ಲಿ ದಾವೆ ಹೂಡಿತು. ಆ 57ರಲ್ಲಿ ಎಣ್ಣೆಯ ಹಣದಿಂದ ತುಂಬಿದ ದೇಶಗಳಿವೆ, ಅಣುಬಾಂಬ್ ಇರುವ ದೇಶವಿದೆ. ಮುಂದೆ ಬಂದು ನಿಂತದ್ದು ಗ್ಯಾಂಬಿಯಾ. ವಿಚಾರಣೆ ಆರಂಭವಾದದ್ದು ಡಿಸೆಂಬರ್ 10ರಂದು, ನಾವು ಪ್ರತಿಜ್ಞೆ ಓದಿಸುವ ದಿನವೇ. ಮರುದಿನ ಮ್ಯಾನ್ಮಾರ್ ಪರವಾಗಿ ಎದ್ದು ನಿಂತವರು ಯಾರು? ಯಾರ ಬಿಡುಗಡೆಗಾಗಿ ಜಗತ್ತು ಇಪ್ಪತ್ತು ವರ್ಷ ಕೇಳಿತ್ತೋ ಅವರೇ. ಗ್ಯಾಂಬಿಯಾ ಹೇಳುತ್ತಿರುವುದು ಅಪೂರ್ಣ ಚಿತ್ರ ಎಂದು ಸೂಕಿ ವಾದಿಸಿದರು. ಸಭಿಕರೇ, ಆ ದಿನ ಟಿ.ವಿ. ನೋಡುತ್ತಿದ್ದ ನನಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಕಾಲೇಜಿನಲ್ಲಿದ್ದಾಗ ಆಕೆಯ ಬಗ್ಗೆ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಪಡೆದವರಲ್ಲಿ ನಾನೂ ಒಬ್ಬಳು.

2020ರ ಜನವರಿ 23ರಂದು ನ್ಯಾಯಾಲಯ ಒಮ್ಮತದಿಂದ ಮಧ್ಯಂತರ ಆದೇಶ ಕೊಟ್ಟಿತು. ಮ್ಯಾನ್ಮಾರ್ ನೇಮಿಸಿದ್ದ ನ್ಯಾಯಾಧೀಶರೂ ಅದಕ್ಕೆ ಒಪ್ಪಿದರು. ರೋಹಿಂಗ್ಯಾರನ್ನು ಕಾಪಾಡಿ, ಸಾಕ್ಷ್ಯ ನಾಶ ಮಾಡಬೇಡಿ, ನಿಗದಿತ ಕಾಲಕ್ಕೆ ವರದಿ ಸಲ್ಲಿಸಿ ಎಂಬುದು ಆದೇಶ. ನ್ಯಾಯಾಧೀಶರು ಆ ಹೆಸರನ್ನೇ ಬರೆದರು, ರೋಹಿಂಗ್ಯಾ ಎಂದು. ಅದೇ ಏಪ್ರಿಲ್‌ನಲ್ಲಿ ಮ್ಯಾನ್ಮಾರ್ ಅಧ್ಯಕ್ಷರ ಕಚೇರಿ ತನ್ನ ಅಧಿಕಾರಿಗಳಿಗೂ ಸೇನೆಗೂ ಲಿಖಿತ ಸೂಚನೆ ಹೊರಡಿಸಬೇಕಾಯಿತು. ಕಾಗದ ಮಾತ್ರ ಎನ್ನಬಹುದು. ಶಿಬಿರದಲ್ಲಿ ಮಳೆಗೆ ಸೋರುವ ಗುಡಿಸಲು ಸೋರುತ್ತಲೇ ಇತ್ತು ಎನ್ನಬಹುದು. ನಿಜವೇ.

2021ರ ಫೆಬ್ರವರಿ 1ರಂದು ಸೇನೆ ಮತ್ತೆ ಅಧಿಕಾರ ಕಸಿದು ಸೂಕಿಯವರನ್ನೂ ಜೈಲಿಗೆ ಹಾಕಿತು. ಪ್ರತಿಭಟನೆಗೆ ಇಳಿದು ಅಮಾನತಾದ ಶಿಕ್ಷಕರ ಸಂಖ್ಯೆ ಅಲ್ಲಿನ ಶಿಕ್ಷಕರ ಸಂಘಟನೆಯ ಲೆಕ್ಕದಂತೆ ಒಂದು ಲಕ್ಷ ದಾಟಿತ್ತು. ವಿಶ್ವಸಂಸ್ಥೆಯಲ್ಲಿದ್ದ ಮ್ಯಾನ್ಮಾರಿನ ರಾಯಭಾರಿ ಚೋ ಮೋ ತುನ್ ಸೇನೆಯ ವಿರುದ್ಧವೇ ಮಾತನಾಡಿ ಮೂರು ಬೆರಳು ಎತ್ತಿ ತೋರಿಸಿದರು. ಏಪ್ರಿಲ್‌ನಲ್ಲಿ ಆಸಿಯಾನ್ ಐದು ಅಂಶಗಳ ಒಮ್ಮತ ಮಾಡಿತು. ಜನರಲ್ ಮಿನ್ ಆಂಗ್ ಹ್ಲಾಯಿಂಗ್ ಜಕಾರ್ತಕ್ಕೆ ಬಂದು ತಲೆಯಾಡಿಸಿ ಹೋಗಿ ಏನನ್ನೂ ಮಾಡಲಿಲ್ಲ. 2022ರ ಜುಲೈನಲ್ಲಿ ಆಸಿಯಾನ್ ಅಧ್ಯಕ್ಷತೆ ವಹಿಸಿದ್ದ ಕಾಂಬೋಡಿಯಾದ ಪ್ರಧಾನಿ ಪತ್ರ ಬರೆದು ಬೇಡಿಕೊಂಡರೂ ನಾಲ್ವರನ್ನು ಗಲ್ಲಿಗೇರಿಸಿದರು. ಅದೇ ಡಿಸೆಂಬರ್ 21ರಂದು ಭದ್ರತಾ ಮಂಡಳಿ ಕೊನೆಗೂ 2669ನೇ ನಿರ್ಣಯ ಅಂಗೀಕರಿಸಿತು. ಹನ್ನೆರಡು ಮತ ಪರ, ವಿರುದ್ಧ ಯಾರೂ ಇಲ್ಲ. ಚೀನಾ, ರಷ್ಯಾ ಮತ್ತು ನಮ್ಮ ಭಾರತ ಮತ ಹಾಕದೆ ಉಳಿದವು.

ಆದರೆ ಈ ಕತ್ತಲಲ್ಲಿ ಒಂದು ಸಂಗತಿ ನಡೆಯಿತು. ಸೇನೆಯ ವಿರುದ್ಧ ರಚನೆಯಾದ ರಾಷ್ಟ್ರೀಯ ಏಕತಾ ಸರ್ಕಾರ, ಅದರಲ್ಲಿ ಸೂಕಿಯವರ ಪಕ್ಷದವರೇ ಹೆಚ್ಚು, 2021ರ ಜೂನ್ 3ರಂದು ಒಂದು ಹೇಳಿಕೆ ಹೊರಡಿಸಿತು. ಅದರಲ್ಲಿ ರೋಹಿಂಗ್ಯಾ ಎಂಬ ಹೆಸರಿತ್ತು. 1982ರ ಕಾನೂನನ್ನು ತೆಗೆದು ಹೊಸದನ್ನು ತರುತ್ತೇವೆ ಎಂಬ ಮಾತಿತ್ತು. ಮರುವರ್ಷ, ಹೇಗ್ ನ್ಯಾಯಾಲಯದಲ್ಲಿ ಎತ್ತಿದ್ದ ಆಕ್ಷೇಪಗಳನ್ನು ನಾವು ಹಿಂತೆಗೆದುಕೊಳ್ಳುತ್ತೇವೆ ಎಂದೂ ಅದು ಹೇಳಿತು. ಸೇನೆ ಆ ಆಕ್ಷೇಪಗಳಿಗೆ ಅಂಟಿಕೊಂಡಿತು, ನ್ಯಾಯಾಲಯ 2022ರ ಜುಲೈ 22ರಂದು ಅವನ್ನು ತಳ್ಳಿಹಾಕಿ ಮುಖ್ಯ ವಿಚಾರಣೆಗೆ ದಾರಿ ಮಾಡಿಕೊಟ್ಟಿತು. ಯಾರ ಬಾಯಲ್ಲಿ ಬರದಿದ್ದ ಹೆಸರು ಅವರದೇ ಕಾಗದದ ಮೇಲೆ ಬಂದದ್ದು ಗುಂಡಿನ ಏಟು ತಮಗೂ ಬಿದ್ದ ಮೇಲೆ. ಜೊತೆಗೆ ಆ ದಾವೆ ಕೈಬಿಡದೆ ನಿಂತಿತ್ತು ಎಂಬುದನ್ನೂ ನಾನು ಸೇರಿಸುತ್ತೇನೆ.

ನಮ್ಮವರಿಗೂ ಒಂದು ಮಾತು ಹೇಳಬೇಕು, ಹಿರಿಯರು ಕ್ಷಮಿಸಲಿ. ನಾವು 2017ರ ನಂತರ ಮ್ಯಾನ್ಮಾರ್ ಎಂದರೆ ರೋಹಿಂಗ್ಯಾ ಎಂದಷ್ಟೇ ಅರಿತೆವು. 1988ರಲ್ಲಿ ಸತ್ತ ವಿದ್ಯಾರ್ಥಿಗಳು, 2007ರಲ್ಲಿ ಬರಿಗಾಲಲ್ಲಿ ಬೀದಿಗಿಳಿದು ಏಟು ತಿಂದ ಬೌದ್ಧ ಭಿಕ್ಷುಗಳು, ಹಲವು ದಶಕಗಳಿಂದ ಕಾಡಿನಲ್ಲಿ ಓಡುತ್ತಿರುವ ಕರೆನ್, ಕಚಿನ್ ಜನರ ಬಗ್ಗೆ ನಮ್ಮ ಸಭೆಗಳಲ್ಲಿ ಎಷ್ಟು ಸಲ ಮಾತಾಗಿದೆ? ಜಗತ್ತು ಒಂದು ಮುಖವನ್ನು ಮಾತ್ರ ನೋಡಿತು ಎಂದು ದೂರಿದೆ. ನಾವೂ ಒಂದು ಮುಖವನ್ನೇ ನೋಡಿದರೆ ಆ ದೂರು ನಮಗೂ ಸಲ್ಲುತ್ತದೆ.

ಮೊನ್ನೆ ಆ ಹುಡುಗಿಗೆ ಇಷ್ಟೆಲ್ಲವನ್ನೂ ಎರಡು ಪಿರಿಯಡ್‌ಗಳಲ್ಲಿ ಹೇಳಿದೆ. ಕಾಕ್ಸ್ ಬಜಾರಿನ ಮಕ್ಕಳಿಗೆ ಯಾವ ಭಾಷೆಯಲ್ಲಿ ಪಾಠ ಮಾಡುತ್ತಾರೆ ಎಂದು ಕೇಳಿದಳು. 2021ರ ಕೊನೆಯಿಂದ ಮ್ಯಾನ್ಮಾರಿನ ಪಠ್ಯಕ್ರಮವನ್ನೇ ಬರ್ಮೀ ಭಾಷೆಯಲ್ಲಿ ಕಲಿಸಲು ಆರಂಭಿಸಿದರು ಎಂದೆ. "ಓಡಿಸಿದವರ ಭಾಷೆಯಲ್ಲಾ, ಟೀಚರ್?" ಎಂದಳು. ವಾಪಸ್ ಹೋಗಬೇಕಲ್ಲಮ್ಮಾ, ಅದಕ್ಕೆ ಎಂದೆ. ಅವಳು ಸುಮ್ಮನಾದಳು. ಆಮೇಲೆ ಗ್ಯಾಂಬಿಯಾ ಎಲ್ಲಿದೆ ತೋರಿಸಿ ಎಂದು ನಕ್ಷೆಯ ಹತ್ತಿರ ಹೋದಳು.